ಮನೆಯ ಕಂಪ್ಯೂಟರಿನಿಂದ ಸ್ಪೈವೇರ್ ಹೊರಹಾಕುವುದು, ಜಾಲದಲ್ಲಿ ಜಾಡು ಹಿಡಿಯುವವರನ್ನು ತಡೆಯುವುದು: ಸಮಗ್ರ ಮಾರ್ಗದರ್ಶಿ

ಮನೆಯ ಕಂಪ್ಯೂಟರಿನ ಮೇಲೆ ಕಣ್ಣಿಡುವವರಲ್ಲಿ ಎರಡು ಬಗೆ. ಯಂತ್ರದ ಒಳಗೇ ಬಂದು ಕೂರುವ ತಂತ್ರಾಂಶ, ಅಂದರೆ ಸ್ಪೈವೇರ್, ಒಂದು ಬಗೆ. ನೀವು ಒತ್ತಿದ ಪ್ರತಿ ಅಕ್ಷರವನ್ನೂ ಬರೆದಿಟ್ಟುಕೊಳ್ಳುವ ಕೀಲಾಗರ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ನಿಮಿಷದೊಳಗೆ ದೋಚಿ ಕಳಿಸುವ ಇನ್ಫೋಸ್ಟೀಲರ್, ದೂರದಿಂದಲೇ ನಿಮ್ಮ ಪರದೆ ನೋಡುವ ರಿಮೋಟ್ ಆ್ಯಪ್ ಎಲ್ಲ ಈ ಗುಂಪಿನವು. ಇನ್ನೊಂದು ಬಗೆಯವರು ನಿಮ್ಮ ಯಂತ್ರಕ್ಕೆ ಕಾಲಿಡುವುದೇ ಇಲ್ಲ. ನೀವು ಹೋಗುವ ಜಾಲತಾಣಗಳಲ್ಲೆಲ್ಲ ಕಾದಿದ್ದು, ಏನು ಓದಿದಿರಿ, ಏನು ಹುಡುಕಿದಿರಿ, ಎಷ್ಟು ಹೊತ್ತು ನಿಂತಿರಿ ಎಂದು ಲೆಕ್ಕ ಇಡುವ ಜಾಹೀರಾತು ಕಂಪನಿಗಳು ಅವು.

ಈ ಎರಡಕ್ಕೂ ಒಂದೇ ಮದ್ದು ಎಂದುಕೊಳ್ಳುವುದರಿಂದಲೇ ಜನ ದುಡ್ಡು ಕೊಟ್ಟು ಬೇಡದ ತಂತ್ರಾಂಶಗಳನ್ನು ತುಂಬಿಕೊಳ್ಳುತ್ತಾರೆ. ಆ್ಯಂಟಿವೈರಸ್ ಹಾಕಿದರೆ ಜಾಹೀರಾತಿನವರು ಹಿಂದೆ ಬರುವುದು ನಿಲ್ಲುವುದಿಲ್ಲ, ನಿಮ್ಮ ಸಂಪರ್ಕವನ್ನು ಇನ್ನೊಂದು ಸರ್ವರ್ ಮೂಲಕ ಹಾಯಿಸುವ ವಿಪಿಎನ್ ಹಾಕಿದರೆ ಒಳಗೆ ಕೂತ ಕೀಲಾಗರ್ ಸಾಯುವುದಿಲ್ಲ. ಈ ಮಾರ್ಗದರ್ಶಿಯಲ್ಲಿ ಹೇಳಿರುವ ಕೆಲಸಗಳಲ್ಲಿ ಹೆಚ್ಚಿನವು ಸೇರಿಸುವ ಕೆಲಸವಲ್ಲ, ತೆಗೆಯುವ ಕೆಲಸ. ಬಹುತೇಕ ಎಲ್ಲವೂ ಉಚಿತ. ಕ್ರಮ ಮಾತ್ರ ತಪ್ಪಬಾರದು: ಮೊದಲು ಶುಚಿ ಮಾಡುವುದು, ಆಮೇಲೆ ಪಾಸ್‌ವರ್ಡ್ ಬದಲಿಸುವುದು, ಆಮೇಲೆ ಬಾಗಿಲು ಭದ್ರ ಮಾಡುವುದು, ಕೊನೆಗೆ ಜಾಡು ಹಿಡಿಯುವವರ ವಿಚಾರ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ವಿಂಡೋಸ್ ಆದ್ದರಿಂದ ದಾರಿಗಳನ್ನು ವಿಂಡೋಸ್ 11ಕ್ಕೆ ತಕ್ಕಂತೆ ಹೇಳಿದ್ದೇನೆ.

ಹಂತ 1: ಕೈಯಿಂದಲೇ ಹುಡುಕಿ

ಸಂಶಯ ಬಂದ ಕೂಡಲೇ ಆ ಯಂತ್ರದಲ್ಲಿ ಬ್ಯಾಂಕಿನ ಕೆಲಸ ನಿಲ್ಲಿಸಿ. ಮಹತ್ವದ ಫೋಟೋ, ಕಾಗದಪತ್ರಗಳನ್ನು ಹೊರಗಿನ ಡ್ರೈವ್‌ಗೆ ನಕಲು ಮಾಡಿ. ಆದರೆ ಇನ್‌ಸ್ಟಾಲ್ ಮಾಡುವ ಫೈಲ್‌ಗಳನ್ನು ನಕಲು ಮಾಡಬೇಡಿ, ರೋಗವೂ ಜೊತೆಗೇ ಬರುತ್ತದೆ.

ಮೊದಲು ನೋಡಬೇಕಾದದ್ದು ಬ್ರೌಸರಿನ ನೋಟಿಫಿಕೇಷನ್. ಪರದೆಯ ಬಲ ಮೂಲೆಯಲ್ಲಿ "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ" ಎಂದು ಮೇಲಿಂದ ಮೇಲೆ ಕೆಂಪು ಚೌಕ ಬರುತ್ತಿದ್ದರೆ ಬಹಳಷ್ಟು ಸಲ ಅದು ವೈರಸ್ಸೇ ಅಲ್ಲ. ಯಾವಾಗಲೋ ಸಿನಿಮಾ ಅಥವಾ ಕ್ರಿಕೆಟ್ ನೋಡಲು ಹೋದ ತಾಣದಲ್ಲಿ "ಅಲೋ" ಒತ್ತಿದ್ದರ ಫಲ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ಎಂದು ಹೋಗಿ. ಅಲ್ಲಿ ಅನುಮತಿ ಪಡೆದ ತಾಣಗಳ ಪಟ್ಟಿ ಇರುತ್ತದೆ. ಗುರುತಿಲ್ಲದ್ದನ್ನೆಲ್ಲ ತೆಗೆದುಹಾಕಿ, ಇನ್ನು ಮುಂದೆ ಯಾವ ತಾಣವೂ ಕೇಳಲೇಬಾರದು ಎಂದು ಆಯ್ಕೆ ಮಾಡಿ. ಮನೆಯ ಹಿರಿಯರ ಕಂಪ್ಯೂಟರಿನಲ್ಲಿ ಇದೊಂದನ್ನು ಮಾಡಿಕೊಟ್ಟರೂ ಅರ್ಧ ತಲೆನೋವು ಹೋಗುತ್ತದೆ. ಆ ಕೆಂಪು ಚೌಕದಲ್ಲಿರುವ ಫೋನ್ ನಂಬರಿಗೆ ಯಾರೂ ಕರೆ ಮಾಡಬಾರದು. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಹಾಕುವುದಿಲ್ಲ.

ಆಮೇಲೆ ಬ್ರೌಸರಿನ ಎಕ್ಸ್‌ಟೆನ್ಷನ್‌ಗಳು, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು. ಎಕ್ಸ್‌ಟೆನ್ಷನ್ ಅನೇಕ ಸಲ ನೀವು ನೋಡುವ ಪ್ರತಿ ಪುಟವನ್ನೂ ಓದಬಲ್ಲದು, ಬ್ಯಾಂಕಿನ ಪುಟವನ್ನೂ ಸೇರಿಸಿ. ಇಂದು ಒಳ್ಳೆಯದಾಗಿದ್ದದ್ದು ನಾಳೆಯೂ ಒಳ್ಳೆಯದೇ ಆಗಿರಬೇಕೆಂದಿಲ್ಲ. ದಿ ಗ್ರೇಟ್ ಸಸ್ಪೆಂಡರ್ ಎಂಬ ಜನಪ್ರಿಯ ಎಕ್ಸ್‌ಟೆನ್ಷನ್ ಅನ್ನು ಅದರ ಕರ್ತೃ 2020ರಲ್ಲಿ ಬೇರೆಯವರಿಗೆ ವಹಿಸಿಕೊಟ್ಟರು. 2021ರ ಫೆಬ್ರುವರಿಯಲ್ಲಿ ಅದರಲ್ಲಿ ಮಾಲ್‌ವೇರ್ (ಕೇಡು ಮಾಡುವ ತಂತ್ರಾಂಶ) ಇದೆ ಎಂದು ಗೂಗಲ್ ಅದನ್ನು ಕಿತ್ತುಹಾಕಿತು. ಬಳಸಿದವರು ಯಾರೂ ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡಿರಲಿಲ್ಲ, ಬಂದದ್ದು ಬರೀ ಅಪ್‌ಡೇಟ್. ಕೂಪನ್ ಹುಡುಕಿಕೊಡುವುದು, ಪಿಡಿಎಫ್ ಬದಲಿಸಿಕೊಡುವುದು, ಹವಾಮಾನ ತೋರಿಸುವುದು, ಇಂಥವನ್ನೆಲ್ಲ ತೆಗೆದುಬಿಡಿ. ಎರಡು ಮೂರು ಎಕ್ಸ್‌ಟೆನ್ಷನ್‌ಗಿಂತ ಹೆಚ್ಚು ಯಾರಿಗೂ ಬೇಕಾಗುವುದಿಲ್ಲ.

ಮೂರನೆಯದಾಗಿ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್ ತೆರೆದು, ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನದ ಆಸುಪಾಸು ಬಂದು ಕೂತದ್ದೇನು ಎಂದು ತಕ್ಷಣ ಕಾಣುತ್ತದೆ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ರಿಮೋಟ್ ಆ್ಯಪ್‌ಗಳು ಕಳ್ಳ ತಂತ್ರಾಂಶಗಳಲ್ಲ, ಆದರೆ ನೀವೇ ಹಾಕದಿದ್ದರೂ ಅಲ್ಲಿದ್ದರೆ ಯಾರೋ ಒಳಗೆ ಬಂದು ಹೋಗಿದ್ದಾರೆ ಎಂದರ್ಥ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದರೆ, ಕಂಪ್ಯೂಟರಿನ ಜೊತೆಗೇ ಶುರುವಾಗುವ ಆ್ಯಪ್‌ಗಳ ಪಟ್ಟಿಯೂ ಸಿಗುತ್ತದೆ.

ಹೆಚ್ಚಿನವರು ನೋಡದೆ ಬಿಡುವ ಮೂರು ಜಾಗಗಳಿವೆ, ಅಲ್ಲಿಗೂ ಹೋಗಿ. ವಿಂಡೋಸ್ ಸೆಕ್ಯುರಿಟಿಯ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಕ್ಲೂಷನ್ಸ್ ಎಂಬ ಪಟ್ಟಿ ಇದೆ. ಇಲ್ಲಿ ಹೆಸರಿರುವ ಫೋಲ್ಡರನ್ನು ವಿಂಡೋಸ್‌ನ ಸ್ವಂತ ಆ್ಯಂಟಿವೈರಸ್ ಆದ ಡಿಫೆಂಡರ್ ಮುಟ್ಟುವುದೇ ಇಲ್ಲ. ಮಾಲ್‌ವೇರ್ ಒಳಗೆ ಬಂದ ಕೂಡಲೇ ತನ್ನ ಹೆಸರನ್ನು ಇಲ್ಲಿ ಬರೆಸಿಕೊಳ್ಳುವುದುಂಟು, ಹಾಗಾಗಿ ನೀವು ಸೇರಿಸದ್ದು ಇದ್ದರೆ ಅಳಿಸಿ. ಎರಡನೆಯದು ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್‌ನ ಪ್ರಾಕ್ಸಿ, ಅಂದರೆ ನಿಮ್ಮ ಜಾಲ ಸಂಚಾರವನ್ನು ಇನ್ನೊಂದು ಯಂತ್ರದ ಮೂಲಕ ಹಾಯಿಸುವ ವ್ಯವಸ್ಥೆ. ಮನೆಯ ಕಂಪ್ಯೂಟರಿನಲ್ಲಿ ಕೈಯಾರೆ ಹಾಕುವ ಪ್ರಾಕ್ಸಿ ಆಫ್ ಇರಬೇಕು. ಮೂರನೆಯದು ಕ್ರೋಮ್‌ನ ಮೂರು ಚುಕ್ಕಿಯ ಮೆನು. ಅದರ ತಳದಲ್ಲಿ ನಿಮ್ಮ ಬ್ರೌಸರನ್ನು ಯಾವುದೋ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಇದ್ದು, ಅದು ಕಚೇರಿಯ ಯಂತ್ರ ಅಲ್ಲದಿದ್ದರೆ ಕಾರಣ ಹುಡುಕಲೇಬೇಕು. ಕೆಲವು ಆ್ಯಂಟಿವೈರಸ್‌ಗಳಿಂದಲೂ ಈ ಸಾಲು ಬರುತ್ತದೆ, ಆದರೆ ಬಲವಂತವಾಗಿ ಜಾಹೀರಾತು ತೋರಿಸುವ ಆ್ಯಡ್‌ವೇರ್‌ಗೂ ಇದು ಅಚ್ಚುಮೆಚ್ಚಿನ ದಾರಿ.

ಹಂತ 2: ಸ್ಕ್ಯಾನ್

ಇದಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಇವತ್ತಿಗೆ ಮನೆಬಳಕೆಗೆ ಸಾಕು. ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಮೊದಲು ಫುಲ್ ಸ್ಕ್ಯಾನ್ ಮಾಡಿ, ಆಮೇಲೆ ಆಫ್‌ಲೈನ್ ಸ್ಕ್ಯಾನ್. ಎರಡನೆಯದರಲ್ಲಿ ಕಂಪ್ಯೂಟರ್ ಮರುಚಾಲನೆಯಾಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ತಪಾಸಣೆ ನಡೆಯುತ್ತದೆ. ಓಡುತ್ತಿರುವಾಗ ಅಡಗಿಕೊಳ್ಳುವ ಮಾಲ್‌ವೇರ್‌ಗೆ ಅಲ್ಲಿ ಅಡಗಲು ಜಾಗ ಇರುವುದಿಲ್ಲ. ಸುಮಾರು 15 ನಿಮಿಷದ ಕೆಲಸ. ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್ ಎಂಬಲ್ಲಿ, ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಆಫ್ ಇದ್ದರೆ ಆನ್ ಮಾಡಿ.

ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ, ಆ್ಯಡ್‌ವೇರ್‌ಗೆ ಅದೇ ಕಂಪನಿಯ ಆ್ಯಡ್‌ಡಬ್ಲ್ಯೂಕ್ಲೀನರ್ ಇವೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ಶುಚಿ ಉಪಕರಣಗಳನ್ನು ಕೊಡುತ್ತಿದೆ, ಅದರ ಪರಿಚಯ ನಮ್ಮಲ್ಲಿ ಬಹಳ ಜನರಿಗಿಲ್ಲ. ಯಾವುದನ್ನೇ ಆದರೂ ಅವರವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಎರಡು ಆ್ಯಂಟಿವೈರಸ್ ಒಟ್ಟಿಗೆ ಓಡಿಸಬೇಡಿ.

ಕೀಲಾಗರ್ ಅಥವಾ ಇನ್ಫೋಸ್ಟೀಲರ್ ಸಿಕ್ಕಿತು ಎಂದರೆ, ಅಳಿಸಿದರೂ ನನಗೆ ಆ ಯಂತ್ರದ ಮೇಲೆ ನಂಬಿಕೆ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಎಂದು ಹೋಗಿ ರೀಸೆಟ್ ಆಯ್ಕೆಯಲ್ಲಿ ಎಲ್ಲವನ್ನೂ ತೆಗೆಯಿರಿ ಎಂಬುದನ್ನೂ, ವಿಂಡೋಸನ್ನು ಇಂಟರ್ನೆಟ್‌ನಿಂದ ಹೊಸದಾಗಿ ಇಳಿಸಿಕೊಳ್ಳುವ ಕ್ಲೌಡ್ ಡೌನ್‌ಲೋಡ್ ಅನ್ನೂ ಆರಿಸಿ. ಒಂದು ಮಧ್ಯಾಹ್ನ ಹೋಗುತ್ತದೆ, ಆದರೆ ತಿಂಗಳುಗಟ್ಟಲೆಯ ಅನುಮಾನ ತಪ್ಪುತ್ತದೆ.

ಹಂತ 3: ಪಾಸ್‌ವರ್ಡ್, ಆದರೆ ಬೇರೆ ಸಾಧನದಿಂದ

ಕೀಲಾಗರ್ ಇರುವ ಯಂತ್ರದಲ್ಲಿ ಕೂತು ಪಾಸ್‌ವರ್ಡ್ ಬದಲಿಸಿದರೆ ಹೊಸದೂ ಕಳ್ಳನಿಗೆ ಹೋಗುತ್ತದೆ. ಶುಚಿಯಾದ ಫೋನಿನಿಂದಲೋ, ನಂಬಿಕೆಯ ಇನ್ನೊಂದು ಕಂಪ್ಯೂಟರಿನಿಂದಲೋ ಈ ಕೆಲಸ ಮಾಡಿ. ಮೊದಲು ಇಮೇಲ್, ಏಕೆಂದರೆ ಉಳಿದ ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ಆಮೇಲೆ ಬ್ಯಾಂಕು, ಆಮೇಲೆ ಮಿಕ್ಕದ್ದು.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯವಿದೆ. ನೀವು ಒಂದು ತಾಣಕ್ಕೆ ಲಾಗಿನ್ ಆದಾಗ ಬ್ರೌಸರಿನಲ್ಲಿ ಒಂದು ಸೆಷನ್ ಕುಕೀ ಉಳಿಯುತ್ತದೆ, ಪ್ರತಿ ಸಲ ಪಾಸ್‌ವರ್ಡ್ ಕೇಳದಿರುವುದು ಅದರಿಂದ. ಇನ್ಫೋಸ್ಟೀಲರ್‌ಗಳು ಆ ಕುಕೀಯನ್ನೇ ಕದಿಯುತ್ತವೆ. ಅದು ಕೈಗೆ ಸಿಕ್ಕರೆ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಆದ್ದರಿಂದ ಪಾಸ್‌ವರ್ಡ್ ಬದಲಿಸಿದರೆ ಸಾಲದು, ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಬೇಕು. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ನಿಮ್ಮ ಸಾಧನಗಳ ಪಟ್ಟಿ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ನೋಡಿ.

ಇದು ಎಲ್ಲೋ ಅಪರೂಪಕ್ಕೆ ನಡೆಯುವುದಲ್ಲ. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ತನಿಖಾ ಸಂಸ್ಥೆಗಳು ಲುಮ್ಮಾ ಎಂಬ ಇನ್ಫೋಸ್ಟೀಲರಿನ ಜಾಲವನ್ನು ಮುರಿದಾಗ, ಅದರ ಹಿಂದಿನ ಎರಡೇ ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಿಗೆ ಅದು ತಗುಲಿದ್ದನ್ನು ಮೈಕ್ರೋಸಾಫ್ಟ್ ಗುರುತಿಸಿತ್ತು.

ಇನ್ನು ಮುಂದಕ್ಕೆ ಪಾಸ್‌ವರ್ಡ್‌ಗಳನ್ನು ಭದ್ರವಾಗಿ ಇಟ್ಟುಕೊಳ್ಳುವ ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ, ಇಮೇಲಿಗೆ ಎರಡು ಹಂತದ ಪರಿಶೀಲನೆ ಹಾಕಿ, ಪಾಸ್‌ಕೀ (ಪಾಸ್‌ವರ್ಡ್ ಬದಲು ನಿಮ್ಮ ಸಾಧನದ ಬೆರಳಚ್ಚು ಅಥವಾ ಪಿನ್ ಬಳಸಿ ಲಾಗಿನ್ ಆಗುವುದು) ಸೌಲಭ್ಯ ಇರುವಲ್ಲಿ ಅದನ್ನೇ ಆರಿಸಿ. ಇಷ್ಟೆಲ್ಲ ಆಗದವರು ಮನೆಯ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿ ಇಟ್ಟರೂ, ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಎಷ್ಟೋ ಮೇಲು.

ಹಂತ 4: ಬಂದ ಬಾಗಿಲು ಯಾವುದು?

ಸ್ಪೈವೇರ್ ಗೋಡೆ ಒಡೆದು ಬರುವುದು ಅಪರೂಪ. ಸಾಮಾನ್ಯವಾಗಿ ಮನೆಯವರೇ ಯಾರೋ ಬಾಗಿಲು ತೆರೆದಿರುತ್ತಾರೆ.

ಎಲ್ಲಕ್ಕಿಂತ ದೊಡ್ಡ ಬಾಗಿಲು ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಇಲ್ಲದೆ ಓಡುವಂತೆ ಬೀಗ ಒಡೆದ, ತಂತ್ರಾಂಶ. ಪುಕ್ಕಟೆ ಫೋಟೋಶಾಪ್, ಪುಕ್ಕಟೆ ಆಫೀಸ್, ವಿಂಡೋಸ್ ಆ್ಯಕ್ಟಿವೇಟ್ ಮಾಡುವ ಕೆಎಂಎಸ್ ಉಪಕರಣ, ಮಕ್ಕಳ ಆಟಕ್ಕೆ ಯೂಟ್ಯೂಬ್ ವಿಡಿಯೋದ ಕೆಳಗೆ ಸಿಗುವ ಚೀಟ್ ಫೈಲು, ಇವೆಲ್ಲದರ ಸೂಚನೆಯಲ್ಲೂ ಒಂದು ಮಾತು ತಪ್ಪದೆ ಇರುತ್ತದೆ: "ಮೊದಲು ಆ್ಯಂಟಿವೈರಸ್ ಆಫ್ ಮಾಡಿ." ಆ ಮಾತು ಕಂಡ ಕ್ಷಣವೇ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಬಿಡಿಭಾಗ ಕೂಡಿಸಿ ಕಂಪ್ಯೂಟರ್ ಮಾಡಿಸುವಾಗ, ವಿಂಡೋಸ್ ಲೈಸೆನ್ಸ್ ಸಮೇತವೋ ಇಲ್ಲವೋ ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಲೈಸೆನ್ಸಿಗೆ ದುಡ್ಡು ಸಾಲದಿದ್ದರೆ ವಿಂಡೋಸ್ ಬದಲಿಗೆ ಉಚಿತವಾದ ಲಿನಕ್ಸ್ ವ್ಯವಸ್ಥೆಗಳಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿ, ಜೊತೆಗೆ ಉಚಿತ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್. ಪತ್ರ ಬರೆಯಲು, ಲೆಕ್ಕ ಇಡಲು, ವಿಡಿಯೋ ನೋಡಲು ಅಷ್ಟು ಸಾಕು.

ಎರಡನೆಯ ಬಾಗಿಲು ಈಚಿನದು. "ನಾನು ರೋಬೋ ಅಲ್ಲ" ಎಂಬ ಪರೀಕ್ಷೆಯಂತೆ ಕಾಣುವ ಒಂದು ಪುಟ ಬರುತ್ತದೆ. ಮಾಮೂಲಿನಂತೆ ಚಿತ್ರ ಗುರುತಿಸಿ ಎನ್ನುವ ಬದಲು, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಹೊಡೆಯಿರಿ ಎನ್ನುತ್ತದೆ. ಹಾಗೆ ಮಾಡಿದಿರೋ, ಆ ಪುಟ ಸದ್ದಿಲ್ಲದೆ ನಕಲು ಮಾಡಿಟ್ಟಿದ್ದ ಆಜ್ಞೆಯನ್ನು ನಿಮ್ಮ ಕೈಯಿಂದಲೇ ಓಡಿಸಿದಂತಾಯಿತು. ಇದಕ್ಕೆ ಕ್ಲಿಕ್‌ಫಿಕ್ಸ್ ಎಂದು ಹೆಸರು. ಯಾವ ಪ್ರಾಮಾಣಿಕ ಜಾಲತಾಣವೂ ಈ ಕೀಲಿಗಳನ್ನು ಒತ್ತಿ ಎಂದು ಹೇಳುವುದಿಲ್ಲ. ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಇದೊಂದನ್ನು ತಪ್ಪದೆ ಹೇಳಿ.

ಗೂಗಲ್‌ನಲ್ಲಿ ತಂತ್ರಾಂಶದ ಹೆಸರು ಹುಡುಕಿ ಮೊದಲು ಬಂದ ಕೊಂಡಿ ಒತ್ತುವ ಅಭ್ಯಾಸವನ್ನೂ ಬಿಡಬೇಕು. ಮೇಲ್ಗಡೆ ಬರುವವು ಜಾಹೀರಾತುಗಳು, ಅವುಗಳಲ್ಲಿ ನಕಲಿ ತಾಣಗಳೂ ನುಸುಳುತ್ತವೆ. ಕನ್ನಡ ಟೈಪ್ ಮಾಡುವವರು ಈ ವಿಷಯದಲ್ಲಿ ಇನ್ನೂ ಜಾಗರೂಕರಾಗಿರಬೇಕು. ಕೀಬೋರ್ಡ್ ತಂತ್ರಾಂಶ ನೀವು ಒತ್ತುವ ಪ್ರತಿ ಕೀಲಿಯನ್ನೂ ನೋಡುತ್ತದೆ, ಅದರ ಕೆಲಸವೇ ಅದು. ಗುರುತಿಲ್ಲದ ತಾಣದಿಂದ ಕನ್ನಡ ಕೀಬೋರ್ಡ್ ಇಳಿಸಿಕೊಳ್ಳುವುದೆಂದರೆ ಕೀಲಾಗರ್‌ಗೆ ನಾವೇ ಆಸನ ಹಾಕಿದ ಹಾಗೆ. ವಿಂಡೋಸ್‌ನಲ್ಲೇ ಕನ್ನಡ ಇದೆ. ಸೆಟ್ಟಿಂಗ್ಸ್‌ನ ಟೈಮ್ ಆ್ಯಂಡ್ ಲ್ಯಾಂಗ್ವೇಜ್‌ನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಸಿಗುತ್ತದೆ, 2019ರಿಂದ ಫೊನೆಟಿಕ್ ವಿನ್ಯಾಸವೂ ಇದೆ. ನುಡಿ, ಬರಹ ರೂಢಿಯಾಗಿರುವವರು ಅವನ್ನು ಮೂಲ ತಾಣದಿಂದಲೇ ತೆಗೆದುಕೊಳ್ಳಿ.

ಈಗ ಒಂದೇ ಸಲ ಮಾಡಿ ಮುಗಿಸುವ ಕೆಲಸಗಳು. ದಿನಬಳಕೆಗೆ ಅಡ್ಮಿನಿಸ್ಟ್ರೇಟರ್ ಖಾತೆ ಬೇಡ. ಅಕೌಂಟ್ಸ್‌ನಲ್ಲಿ ಮನೆಯ ಪ್ರತಿಯೊಬ್ಬರಿಗೂ ಸ್ಟ್ಯಾಂಡರ್ಡ್ ಖಾತೆ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಒಬ್ಬರ ಬಳಿ ಇರಲಿ. ಇಡೀ ಯಂತ್ರಕ್ಕೆ ಏನನ್ನಾದರೂ ಇನ್‌ಸ್ಟಾಲ್ ಮಾಡುವಾಗ ಆ ಪಾಸ್‌ವರ್ಡ್ ಕೇಳುತ್ತದೆ, ಯೋಚಿಸಲು ಅರೆಗಳಿಗೆ ಸಿಗುತ್ತದೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ, ಶೋ ಎಂಬಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿದರೆ, ಪಿಡಿಎಫ್ ವೇಷದಲ್ಲಿ ಬಂದ ಇಎಕ್ಸ್‌ಇ (ತೆರೆದರೆ ತಂತ್ರಾಂಶವಾಗಿ ಓಡುವ) ಫೈಲಿನ ಬಣ್ಣ ಬಯಲಾಗುತ್ತದೆ. ಅಪ್‌ಡೇಟ್‌ಗಳನ್ನು ಮುಂದೂಡಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆದಾರರಿಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಯನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಿತ್ತು, ಅದಕ್ಕೆ ನೋಂದಾಯಿಸಿಕೊಳ್ಳಬೇಕು. ಹಳೆಯ ಯಂತ್ರ ವಿಂಡೋಸ್ 11ಕ್ಕೆ ಒಗ್ಗದಿದ್ದರೆ ಮೇಲೆ ಹೇಳಿದ ಲಿನಕ್ಸ್ ದಾರಿ ಇದ್ದೇ ಇದೆ. ರೌಟರಿನ ಅಡ್ಮಿನ್ ಪಾಸ್‌ವರ್ಡ್ ಇನ್ನೂ ಕಂಪನಿ ಕೊಟ್ಟದ್ದೇ ಇದ್ದರೆ ಅದನ್ನೂ ಬದಲಿಸಿ.

ಹಂತ 5: ಜಾಡು ಹಿಡಿಯುವವರು

"ನನ್ನ ಹತ್ತಿರ ಮುಚ್ಚಿಡುವಂಥದ್ದು ಏನಿದೆ?" ಎಂದು ಕೇಳುವವರು ಎಲ್ಲ ಮನೆಯಲ್ಲೂ ಇದ್ದಾರೆ. ಖಾಸಗಿತನ ಎಂಬುದು ತಪ್ಪು ಮಾಡಿದವರಿಗಷ್ಟೇ ಬೇಕಾದ ವಸ್ತುವಲ್ಲ. ಅದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅವರು ಅರ್ಜಿ ಹಾಕಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಕಾಯಿಲೆಯ ಬಗ್ಗೆ ಹುಡುಕಿದ್ದು, ಸಾಲದ ಬಗ್ಗೆ ಹುಡುಕಿದ್ದು, ಮಗಳ ಮದುವೆಗೆ ವರ ಹುಡುಕಿದ್ದು ಅಪರಿಚಿತ ಕಂಪನಿಯ ದಾಖಲೆಯಲ್ಲಿ ಒಟ್ಟಿಗೆ ಕೂರಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ನಿಮ್ಮದು.

ಭದ್ರತೆಯ ಹೆಸರಿನಲ್ಲೂ ಇದು ನಡೆದಿದೆ. ಅವಾಸ್ಟ್ ಆ್ಯಂಟಿವೈರಸ್ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದದ್ದು ಬಯಲಾಗಿ 2020ರಲ್ಲಿ ಆ ಅಂಗಸಂಸ್ಥೆಯನ್ನು ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದಕ್ಕೆ 1.65 ಕೋಟಿ ಡಾಲರ್ ಕಟ್ಟಿಸಿತು. ಒಂದರ ಮೇಲೊಂದು ತಂತ್ರಾಂಶ ಸೇರಿಸಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ನನ್ನ ಸಲಹೆ ಫೈರ್‌ಫಾಕ್ಸ್ ಬ್ರೌಸರ್, ಅದರಲ್ಲಿ ಯುಬ್ಲಾಕ್ ಒರಿಜಿನ್ ಎಂಬ ಆ್ಯಡ್ ಬ್ಲಾಕರ್ ಎಕ್ಸ್‌ಟೆನ್ಷನ್. ಫೈರ್‌ಫಾಕ್ಸ್ 2022ರಿಂದ ಒಂದು ತಾಣದ ಕುಕೀಯನ್ನು ಆ ತಾಣದ ಡಬ್ಬಿಯೊಳಗೇ ಮುಚ್ಚಿಡುತ್ತದೆ, ಇನ್ನೊಂದು ತಾಣದಲ್ಲಿ ಅದನ್ನು ಓದಿ ನಿಮ್ಮನ್ನು ಗುರುತಿಸಲು ಆಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕಿಂಗ್ ಪ್ರೊಟೆಕ್ಷನ್ ಅನ್ನು ಸ್ಟ್ರಿಕ್ಟ್‌ಗೆ ಬದಲಿಸಿ. ಯಾವುದಾದರೂ ಸರ್ಕಾರಿ ಅಥವಾ ಬ್ಯಾಂಕ್ ತಾಣ ಸರಿಯಾಗಿ ತೆರೆಯದಿದ್ದರೆ, ವಿಳಾಸದ ಪಕ್ಕದ ಗುರಾಣಿ ಚಿಹ್ನೆ ಒತ್ತಿ ಆ ಒಂದು ತಾಣಕ್ಕೆ ಮಾತ್ರ ಸಡಿಲಿಸಿ. ಕ್ರೋಮ್ ಬಿಡಲಾಗದವರು ಥರ್ಡ್ ಪಾರ್ಟಿ ಕುಕೀಗಳನ್ನು (ನೀವು ನೋಡುತ್ತಿರುವ ತಾಣದ್ದಲ್ಲದೆ ಬೇರೆ ಕಂಪನಿಗಳು ಇಡುವ ಕುಕೀಗಳನ್ನು) ತಾವೇ ತಡೆಯಬೇಕು. ಅವನ್ನು ಪೂರ್ತಿ ನಿಲ್ಲಿಸುತ್ತೇವೆ ಎಂದು ವರ್ಷಗಟ್ಟಲೆ ಹೇಳಿದ ಗೂಗಲ್ 2024ರಲ್ಲಿ ಆ ಯೋಜನೆ ಕೈಬಿಟ್ಟಿತು. ಕ್ರೋಮ್‌ನ ಹೊಸ ನಿಯಮಗಳಲ್ಲಿ ಮೂಲ ಯುಬ್ಲಾಕ್ ಓಡುವುದಿಲ್ಲ, ಯುಬ್ಲಾಕ್ ಒರಿಜಿನ್ ಲೈಟ್ ಎಂಬ ಹಗುರ ರೂಪ ಸಿಗುತ್ತದೆ.

ಆ್ಯಡ್ ಬ್ಲಾಕರ್ ಎಂದರೆ ಜಾಹೀರಾತಿನ ಕಿರಿಕಿರಿ ತಪ್ಪಿಸುವ ಸಾಧನ ಮಾತ್ರ ಎಂದು ತಿಳಿಯಬೇಡಿ. ನಕಲಿ ತಾಣಗಳತ್ತ ಒಯ್ಯುವ ಹುಡುಕಾಟದ ಜಾಹೀರಾತುಗಳಿಂದ ಪಾರಾಗಲು ಅದನ್ನು ಬಳಸಿ ಎಂದು 2022ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐಯೇ ಜನರಿಗೆ ಸಲಹೆ ಕೊಟ್ಟಿತ್ತು. ನೀವು ಗೌರವಿಸುವ ಸುದ್ದಿತಾಣ ಜಾಹೀರಾತಿನಿಂದಲೇ ಬದುಕುತ್ತಿದ್ದರೆ ಅದಕ್ಕೆ ವಿನಾಯಿತಿ ಕೊಡಿ, ಅಥವಾ ಚಂದಾ ಕಟ್ಟಿ.

ಕುಕೀ ಇಲ್ಲದೆಯೂ ಗುರುತು ಹಿಡಿಯುವ ವಿಧಾನ ಇದೆ. ನಿಮ್ಮ ಪರದೆಯ ಅಳತೆ, ಅಕ್ಷರಶೈಲಿಗಳ ಪಟ್ಟಿ, ಗ್ರಾಫಿಕ್ಸ್ ಕಾರ್ಡ್, ಭಾಷೆ, ಸಮಯವಲಯ ಎಲ್ಲ ಕೂಡಿಸಿದರೆ ಲಕ್ಷಾಂತರ ಜನರ ನಡುವೆ ನೀವೊಬ್ಬರೇ ಎದ್ದು ಕಾಣಬಹುದು. ಜಾಲದ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್‌ನ ಕವರ್ ಯುವರ್ ಟ್ರ್ಯಾಕ್ಸ್ ಎಂಬ ಪುಟಕ್ಕೆ ಹೋಗಿ ಪರೀಕ್ಷಿಸಿಕೊಳ್ಳಿ. ಇದನ್ನು ಪೂರ್ತಿ ತಡೆಯುವುದು ಕಷ್ಟ. ಎಕ್ಸ್‌ಟೆನ್ಷನ್ ಹೆಚ್ಚಾದಷ್ಟೂ ನಿಮ್ಮ ಗುರುತು ಇನ್ನಷ್ಟು ವಿಶಿಷ್ಟವಾಗುತ್ತದೆ ಎಂಬುದನ್ನು ಮಾತ್ರ ನೆನಪಿಡಿ.

ವಿಂಡೋಸ್ ಕೂಡ ಲೆಕ್ಕ ಇಡುತ್ತದೆ. ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಅಡ್ವರ್ಟೈಸಿಂಗ್ ಐಡಿ, ಐಚ್ಛಿಕ ಡಯಾಗ್ನಾಸ್ಟಿಕ್ ಡೇಟಾ ಆಫ್ ಮಾಡಿ. ಅದೇ ಪುಟದ ಕೆಳಗೆ ಕ್ಯಾಮೆರಾ, ಮೈಕ್ರೊಫೋನ್ ಯಾವ ಆ್ಯಪ್ ಯಾವಾಗ ಬಳಸಿತು ಎಂಬುದು ಕಾಣುತ್ತದೆ. ಗೂಗಲ್ ಖಾತೆಯಲ್ಲಿ ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ ಆಫ್ ಮಾಡಿ, ಬೇಕೇ ಬೇಕು ಎನ್ನುವವರು 3 ತಿಂಗಳಿಗಿಂತ ಹಳೆಯದು ತಾನಾಗಿ ಅಳಿಯುವಂತೆ ಹೊಂದಿಸಿ.

ಡಿಎನ್‌ಎಸ್ (ತಾಣದ ಹೆಸರನ್ನು ಅದರ ಅಂಕಿಯ ವಿಳಾಸಕ್ಕೆ ಬದಲಿಸಿಕೊಡುವ ಸೇವೆ) ಬದಲಿಸುವುದು ಸಣ್ಣ ಕೆಲಸ, ಲಾಭ ದೊಡ್ಡದು. ಕ್ವಾಡ್9 ಸಂಸ್ಥೆಯ 9.9.9.9 ವಿಳಾಸವನ್ನು ರೌಟರಿನಲ್ಲಿ ಹಾಕಿದರೆ, ಮಾಲ್‌ವೇರ್ ಹರಡುತ್ತವೆಂದು ಗೊತ್ತಾಗಿರುವ ತಾಣಗಳು ಆ ಸಂಪರ್ಕ ಬಳಸುವ ಸಾಧನಗಳಲ್ಲಿ ತೆರೆಯುವುದೇ ಇಲ್ಲ.

ನೋಡಿದ್ದರ ಇತಿಹಾಸ ಉಳಿಸದ ಬ್ರೌಸರ್ ಕಿಟಕಿ ಇನ್‌ಕಾಗ್ನಿಟೊ ಬಗ್ಗೆ ಹೇಳುವುದು ಸ್ವಲ್ಪವೇ: ಅದು ಮನೆಯವರಿಂದ ಮುಚ್ಚಿಡುತ್ತದೆ, ಜಾಲತಾಣಗಳಿಂದ ಅಲ್ಲ. ಈ ಬಗ್ಗೆ ಅಮೆರಿಕದಲ್ಲಿ ನಡೆದ ಮೊಕದ್ದಮೆ ಇತ್ಯರ್ಥವಾದಾಗ, 2024ರಲ್ಲಿ, ಶತಕೋಟಿಗಟ್ಟಲೆ ದಾಖಲೆ ಅಳಿಸಲು ಗೂಗಲ್ ಒಪ್ಪಿಕೊಂಡಿತು. ಜಾಲತಾಣಗಳಿಂದ ವಿಪಿಎನ್ ಮರೆಮಾಚುವುದು ನಿಮ್ಮ ಐಪಿ ವಿಳಾಸವನ್ನು (ಜಾಲದಲ್ಲಿ ನಿಮ್ಮ ಸಂಪರ್ಕದ ಗುರುತು ಸಂಖ್ಯೆ), ಅಷ್ಟೇ. ಗೂಗಲ್‌ಗೆ ಲಾಗಿನ್ ಆಗಿ ಕೂತವರನ್ನು ಅದು ಅದೃಶ್ಯ ಮಾಡಲಾರದು. ಉಚಿತ ವಿಪಿಎನ್ ಬಳಸಲೇಬೇಡಿ.

ದುಡ್ಡು ಹೋಗಿದ್ದರೆ

ಸ್ಕ್ಯಾನ್, ರೀಸೆಟ್ ಎಲ್ಲ ಆಮೇಲೆ. ಮೊದಲು ಬ್ಯಾಂಕಿಗೆ ತಿಳಿಸಿ ಖಾತೆ ತಡೆಹಿಡಿಸಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಳ್ಳರು ದುಡ್ಡನ್ನು ಖಾತೆಯಿಂದ ಖಾತೆಗೆ ದಾಟಿಸುತ್ತ ಹೋಗುವುದರಿಂದ, ಬೇಗ ತಿಳಿಸಿದಷ್ಟೂ ಅದನ್ನು ನಡುವೆಯೇ ತಡೆಯುವ ಅವಕಾಶ ಹೆಚ್ಚು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ದಾಖಲಿಸಬಹುದು. ನಿಮ್ಮ ಖಾತೆ ಸಂಖ್ಯೆ, ವ್ಯವಹಾರದ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ. ಬಂದ ಸಂದೇಶ, ಇಮೇಲ್‌ಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ಕಂಪ್ಯೂಟರಿನ ಇಂಟರ್ನೆಟ್ ಕಳಚಿ, ಆದರೆ ದೂರು ದಾಖಲಾಗಿ ಪೊಲೀಸರು ನೋಡುವ ತನಕ ಅದನ್ನು ಫಾರ್ಮ್ಯಾಟ್ ಮಾಡಬೇಡಿ. ತನಿಖೆಗೆ ಬೇಕಾದ ಕುರುಹು ಇರುವುದು ಅದರಲ್ಲೇ.